ನಮ್ಮ ದೇಶದ ಹಳೆಯ ಕಟ್ಟಡಗಳು ಉಳಿದ ಬಗೆ



ನವೆಂಬರ್ 9ರಂದು ಧರ್ಮಸಭೆ ಒಂದು ಕಟ್ಟಡದ ಹಬ್ಬವನ್ನು ಆಚರಿಸುತ್ತದೆ. ಸಂತರ ಹಬ್ಬಗಳ ನಡುವೆ ಇದೇನು ಕಲ್ಲು ಗಾರೆಯ ಹಬ್ಬ ಎಂದು ಕೇಳುವವರಿದ್ದಾರೆ. ರೋಮಿನ ಲಾತೆರಾನ್ ಮಹಾದೇವಾಲಯದ ಪ್ರತಿಷ್ಠಾಪನೆ 324ರಲ್ಲಿ ನಡೆಯಿತೆಂಬುದು ಪರಂಪರೆ. ಆದರೆ ಇಂದು ಯಾತ್ರೆಗೆ ಹೋದವರು ಅಲ್ಲಿ ಕಾಣುವ ಒಳಾಂಗಣ 17ನೇ ಶತಮಾನದಲ್ಲಿ ಬೊರೊಮಿನಿ ರೂಪಿಸಿದ್ದು. ಎದುರಿನ ಮುಖಮಂಟಪ 1735ರದು. ಮಧ್ಯದಲ್ಲಿ ಒಂದು ಭೂಕಂಪ, 1308 ಮತ್ತು 1361ರಲ್ಲಿ ಎರಡು ಬೆಂಕಿ ಅನಾಹುತಗಳು ಆಗಿಹೋಗಿವೆ. ಹಾಗಾದರೆ ಆ ದೇವಾಲಯದ ವಯಸ್ಸೆಷ್ಟು? ಸ್ಥಳದ ವಯಸ್ಸು ಬೇರೆ, ಈಗ ನಿಂತಿರುವ ಗೋಡೆಯ ವಯಸ್ಸು ಬೇರೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ದೇಶದ ಬೇರೆಬೇರೆ ಪ್ರಾಂತ್ಯಗಳ ಅತಿ ಹಳೆಯ ಕಟ್ಟಡಗಳತ್ತ ಒಮ್ಮೆ ಕಣ್ಣು ಹಾಯಿಸೋಣ. ಇದಕ್ಕೊಂದು ಕಾರಣವೂ ಇದೆ. ನಮ್ಮ ಹಲವು ಧರ್ಮಕೇಂದ್ರಗಳಲ್ಲಿ ಹಳೆಯ ದೇವಾಲಯವನ್ನು ಕೆಡವಿ ಹೊಸದನ್ನು ಕಟ್ಟುವ ಮಾತು ನಡೆಯುತ್ತಿದೆ.

ಬಿಹಾರದಿಂದ ಆರಂಭಿಸೋಣ. ಗಯಾ ಪಟ್ಟಣದ ಉತ್ತರಕ್ಕಿರುವ ಬರಾಬರ್ ಬೆಟ್ಟದಲ್ಲಿ ಬಂಡೆಯನ್ನು ಕೊರೆದು ಮಾಡಿದ ಗುಹೆಗಳಿವೆ. ಸುದಾಮಾ ಎಂಬ ಗುಹೆಯನ್ನು ಅಶೋಕ ಚಕ್ರವರ್ತಿ ತನ್ನ ಆಳ್ವಿಕೆಯ 12ನೇ ವರ್ಷದಲ್ಲಿ, ಅಂದರೆ ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ, ಆಜೀವಿಕ ಸನ್ಯಾಸಿಗಳಿಗೆ ದಾನವಾಗಿ ಕೊಟ್ಟನೆಂದು ಅಲ್ಲಿನ ಶಾಸನ ಹೇಳುತ್ತದೆ. ಒಳಗಿನ ಗೋಡೆಗಳು ಕನ್ನಡಿಯಂತೆ ನಯವಾಗಿವೆ. ಆಜೀವಿಕ ಮತಕ್ಕೆ ಇಂದು ಅನುಯಾಯಿಗಳಿಲ್ಲ, ಅವರಿಗೆ ಕೊಟ್ಟ ಕೋಣೆ ಮಾತ್ರ ಇದೆ. ಪಕ್ಕದ ಲೋಮಶ ಋಷಿ ಗುಹೆಯ ಬಾಗಿಲನ್ನು ನೋಡಿದವರಿಗೆ ಇನ್ನೊಂದು ವಿಷಯ ಹೊಳೆಯುತ್ತದೆ. ಕಮಾನು, ತೊಲೆ, ಬಾಗಿದ ಮಾಡು ಎಲ್ಲವೂ ಮರದ ಕೆಲಸದ ನಕಲು. ಬಡಗಿಗಳು ಮರದಲ್ಲಿ ಮಾಡುತ್ತಿದ್ದುದನ್ನು ಕಲ್ಲುಕುಟಿಗರು ಬಂಡೆಯಲ್ಲಿ ಕೆತ್ತಿದ್ದಾರೆ. ಆ ಮರದ ಮನೆಗಳಲ್ಲಿ ಒಂದೂ ಉಳಿದಿಲ್ಲ.

ಇದೇ ವಿಷಯವನ್ನು ಬಾಯಿಬಿಟ್ಟು ಹೇಳುವ ಶಾಸನವೊಂದು ತಮಿಳುನಾಡಿನಲ್ಲಿದೆ. ವಿಳುಪ್ಪುರಂ ಜಿಲ್ಲೆಯ ಮಂಡಗಪಟ್ಟಿನಲ್ಲಿ ಪಲ್ಲವ ಅರಸ ಒಂದನೇ ಮಹೇಂದ್ರವರ್ಮ 7ನೇ ಶತಮಾನದ ಆರಂಭದ ಸುಮಾರಿಗೆ ಬಂಡೆಯಲ್ಲಿ ಗುಡಿಯೊಂದನ್ನು ಕೊರೆಯಿಸಿದ. ಇಟ್ಟಿಗೆ, ಮರ, ಲೋಹ, ಗಾರೆ ಇವು ಯಾವುವೂ ಇಲ್ಲದೆ ಇದನ್ನು ಮಾಡಿಸಿದೆ ಎಂದು ಅವನು ಬರೆಯಿಸಿಕೊಂಡಿದ್ದಾನೆ. ಹಾಗೆ ಹೆಮ್ಮೆಪಡಬೇಕಾದರೆ ಅಲ್ಲಿಯವರೆಗೆ ಗುಡಿಗಳನ್ನು ಆ ನಾಲ್ಕರಿಂದಲೇ ಕಟ್ಟುತ್ತಿದ್ದಿರಬೇಕು! ಆದ್ದರಿಂದ ಒಂದು ನಾಡಿನಲ್ಲಿ ಉಳಿದಿರುವ ಅತಿ ಹಳೆಯ ಕಟ್ಟಡವೆಂದರೆ ಅಲ್ಲಿ ಕಟ್ಟಿದ ಮೊದಲ ಕಟ್ಟಡವೆಂದು ತಿಳಿಯಬಾರದು. ಮಳೆ, ಗೆದ್ದಲು, ಬೆಂಕಿ ಮತ್ತು ಮನುಷ್ಯರ ಕೈ ಇವುಗಳನ್ನು ದಾಟಿ ಬಂದದ್ದು ಅದು, ಅಷ್ಟೆ.

ಇಟ್ಟಿಗೆಯೂ ಕೆಲವೆಡೆ ದಾಟಿ ಬಂದಿದೆ. ಉತ್ತರ ಪ್ರದೇಶದ ಕಾನ್ಪುರ ಜಿಲ್ಲೆಯ ಭೀತರಗಾಂವ್‌ನಲ್ಲಿ ಗುಪ್ತರ ಕಾಲದ, ಸುಮಾರು 5ನೇ ಶತಮಾನದ ಇಟ್ಟಿಗೆಯ ಗುಡಿ ಇದೆ. 18ನೇ ಶತಮಾನದಲ್ಲಿ ಸಿಡಿಲು ಬಡಿದು ಅದರ ಶಿಖರದ ಮೇಲ್ಭಾಗ ಹಾಳಾಯಿತು, ಉಳಿದದ್ದು ನಿಂತಿದೆ. ಮಧ್ಯಪ್ರದೇಶದ ಸಾಂಚಿಯಲ್ಲಿ ಎಲ್ಲರೂ ಮಹಾಸ್ತೂಪವನ್ನೇ ನೋಡಿ ಬರುತ್ತಾರೆ. ಅದರ ಹತ್ತಿರವೇ ಇರುವ, ಪುರಾತತ್ವ ಇಲಾಖೆಯವರು 17 ಎಂದು ಸಂಖ್ಯೆ ಕೊಟ್ಟಿರುವ ಪುಟ್ಟ ಗುಡಿಯನ್ನು ಯಾರೂ ಹೆಚ್ಚು ಗಮನಿಸುವುದಿಲ್ಲ. ಒಂದು ಚೌಕದ ಕೋಣೆ, ಮುಂದೆ ನಾಲ್ಕು ಕಂಬಗಳ ಮುಖಮಂಟಪ, ಮೇಲೆ ಸಪಾಟು ಕಲ್ಲಿನ ಮಾಡು. 5ನೇ ಶತಮಾನದ ಈ ಸರಳ ಕಟ್ಟಡ ನಮ್ಮ ದೇಶದಲ್ಲಿ ಕಲ್ಲಿನಿಂದ ಕಟ್ಟಿದ ಗುಡಿಗಳಲ್ಲಿ ಅತಿ ಹಳೆಯವುಗಳ ಸಾಲಿಗೆ ಸೇರಿದೆ. ನಮಗಂತೂ ದೊಡ್ಡ ಸ್ತೂಪಕ್ಕಿಂತ ಇದೇ ಹೆಚ್ಚು ಹಿಡಿಸುತ್ತದೆ.

ಹಿಮಾಚಲದ ಭರ್ಮೌರ್‌ನಲ್ಲಿ ಮರವೇ ಉಳಿದಿದೆ. ಅಲ್ಲಿನ ಲಕ್ಷಣಾ ದೇವಿ ಗುಡಿಯ ಕೆತ್ತನೆಯ ಬಾಗಿಲು, ಕಂಬ, ಒಳಮಾಡು 7ನೇ ಶತಮಾನದವು ಎನ್ನುತ್ತಾರೆ ವಿದ್ವಾಂಸರು. ಹೊರಗಿನ ಗೋಡೆಗಳನ್ನೂ ಮೇಲಿನ ಮಾಡನ್ನೂ ಊರವರು ಮತ್ತೆ ಮತ್ತೆ ದುರಸ್ತಿ ಮಾಡಿಕೊಂಡು ಬಂದಿದ್ದರಿಂದ ಒಳಗಿನ ಮರ ನೆನೆಯಲಿಲ್ಲ. ಅಸ್ಸಾಮಿನಲ್ಲಿ ಬೇರೆಯೇ ಕಥೆ. ತೇಜಪುರದ ಬಳಿ ದಾ ಪರ್ಬತಿಯಾ ಎಂಬಲ್ಲಿ ಹಳೆಯ ಗುಡಿಯ ಅವಶೇಷದ ಮೇಲೆ ಅಹೋಮ್ ಅರಸರ ಕಾಲದಲ್ಲಿ ಇಟ್ಟಿಗೆಯ ಶಿವಾಲಯ ಕಟ್ಟಿದ್ದರು. 1897ರ ಮಹಾ ಭೂಕಂಪದಲ್ಲಿ ಆ ಶಿವಾಲಯ ಕುಸಿದುಬಿತ್ತು. ಆಗ ಒಳಗಿನಿಂದ ಸುಮಾರು 6ನೇ ಶತಮಾನದ ಕಲ್ಲಿನ ಬಾಗಿಲವಾಡ ಹೊರಗೆ ಕಂಡಿತು. ಗಂಗೆ, ಯಮುನೆಯರ ಕೆತ್ತನೆಯಿರುವ ಆ ಬಾಗಿಲು ಇಂದಿಗೂ ಬಯಲಿನಲ್ಲಿ ಒಂಟಿಯಾಗಿ ನಿಂತಿದೆ.

ನಮ್ಮ ಕರ್ನಾಟಕಕ್ಕೆ ಬಂದರೆ ಐಹೊಳೆಯ ಹೆಸರು ಮೊದಲು ಬರುತ್ತದೆ. ಅಲ್ಲಿನ ಲಾಡ್ ಖಾನ್ ಗುಡಿಯನ್ನು 5ನೇ ಶತಮಾನದ್ದೆಂದು ಹಿಂದೆ ಶಾಲಾಪುಸ್ತಕಗಳಲ್ಲಿ ಓದಿದ್ದೆವು. ಈಗಿನ ವಿದ್ವಾಂಸರು ಅದನ್ನು ಒಂದೆರಡು ಶತಮಾನ ಈಚೆಗೆ ತರುತ್ತಾರೆ. ಮಾಡಿನ ಚಪ್ಪಡಿಗಳ ಸಂದಿಯಲ್ಲಿ ಮರದ ದಿಮ್ಮಿಯಂತೆ ಉದ್ದನೆಯ ಕಲ್ಲುಗಳನ್ನು ಹಾಸಿರುವುದನ್ನು ಅಲ್ಲಿಯೂ ಕಾಣಬಹುದು. ಲಾಡ್ ಖಾನ್ ಎಂಬಾತ ಅದರಲ್ಲಿ ವಾಸವಾಗಿದ್ದರಿಂದ ಆ ಹೆಸರು ಬಂತು. ಗುಡಿ ಮನೆಯಾಯಿತೆಂದು ಬೇಸರಿಸುವವರು ಇರಬಹುದು. ಆದರೆ ಒಬ್ಬ ಮನುಷ್ಯ ಒಳಗೆ ಮಲಗುವ ಮನೆಯ ಮೇಲೆ ಆಲದ ಗಿಡ ಬೇರುಬಿಡುವುದಿಲ್ಲ, ಸೋರಿದರೆ ಅವನೇ ಮುಚ್ಚುತ್ತಾನೆ. ಇಸವಿಯ ಬಗ್ಗೆ ಸಂಶಯವೇ ಬೇಡವೆನ್ನುವವರು ಅದೇ ಊರಿನ ಗುಡ್ಡ ಹತ್ತಿ ಮೇಗುತಿ ಬಸದಿಯನ್ನು ನೋಡಬೇಕು. ಇಮ್ಮಡಿ ಪುಲಕೇಶಿಯ ಕಾಲದಲ್ಲಿ ಕವಿ ರವಿಕೀರ್ತಿ ಅದನ್ನು ಕಟ್ಟಿಸಿದ್ದು ಶಕವರ್ಷ 556ರಲ್ಲಿ, ಅಂದರೆ ಕ್ರಿಸ್ತಶಕ 634ರಲ್ಲಿ. ಗೋಡೆಯ ಮೇಲಿನ ಶಾಸನವೇ ಅದರ ಜನನಪತ್ರ.

ಕರಾವಳಿಯಲ್ಲಿ ಇಷ್ಟು ಹಳೆಯವು ಏಕಿಲ್ಲ ಎಂಬ ಪ್ರಶ್ನೆಗೆ ಮಳೆಯೇ ಮೊದಲ ಉತ್ತರ. ಮುರಕಲ್ಲು, ಮಣ್ಣು, ಮರ, ಹುಲ್ಲು ಇವುಗಳಿಂದ ಕಟ್ಟಿದ್ದು ಶತಮಾನಗಟ್ಟಲೆ ಬಾಳುವುದು ಕಷ್ಟ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ನಮ್ಮ ಕ್ರೈಸ್ತ ದೇವಾಲಯಗಳ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ. ಟಿಪ್ಪು ಸುಲ್ತಾನನ ಕಾಲದಲ್ಲಿ, 1784ರಲ್ಲಿ, ಕೆನರಾದ ದೇವಾಲಯಗಳು ನೆಲಸಮವಾದವು. ಮೂಡುಬಿದಿರೆಯ ಬಳಿಯ ಪವಿತ್ರ ಶಿಲುಬೆಯ ದೇವಾಲಯವೊಂದು ಅಲ್ಲಿನ ಚೌಟ ಅರಸರ ಮಾತಿನಿಂದ ಉಳಿಯಿತೆಂದು ಇತಿಹಾಸಕಾರರು ಬರೆದಿದ್ದಾರೆ. ನಮ್ಮ ದೇವಾಲಯದ ಪರವಾಗಿ ಮಾತಾಡಿದವನು ಜೈನ ಅರಸ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು.

ಕೊಚ್ಚಿಯ ಸಂತ ಫ್ರಾನ್ಸಿಸರ ದೇವಾಲಯ 1503ರಲ್ಲಿ ಮರದಿಂದ ಎದ್ದು, 1516ರ ಹೊತ್ತಿಗೆ ಕಲ್ಲಿನದಾಯಿತು. ಯೂರೋಪಿಯನರು ಭಾರತದಲ್ಲಿ ಕಟ್ಟಿದ ದೇವಾಲಯಗಳಲ್ಲಿ ಇದೇ ಹಳೆಯದೆನ್ನುತ್ತಾರೆ. 1524ರಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದು ಇಲ್ಲಿ. ಪೋರ್ಚುಗೀಸರಿಂದ ಡಚ್ಚರಿಗೆ, ಡಚ್ಚರಿಂದ ಇಂಗ್ಲಿಷರಿಗೆ ಕೈ ಬದಲಾಯಿತು. ಕಥೋಲಿಕ ಬಲಿಪೂಜೆ ನಿಂತು ಪ್ರೊಟೆಸ್ಟಂಟ್ ಆರಾಧನೆ ಬಂತು. ಕಟ್ಟಡದಲ್ಲಿ ಪ್ರಾರ್ಥನೆ ಮಾತ್ರ ನಡೆದುಕೊಂಡು ಬಂತು.

ಗೋವೆಯ ಸಂತ ಆಗಸ್ಟೀನರ ದೇವಾಲಯದ ಗತಿ ಇದಕ್ಕೆ ವಿರುದ್ಧವಾದದ್ದು. 1602ರ ಹೊತ್ತಿಗೆ ಮುಗಿದ ಆ ಭವ್ಯ ದೇವಾಲಯವನ್ನು, ಪೋರ್ಚುಗೀಸ್ ಸರಕಾರ ಸನ್ಯಾಸಿ ಸಭೆಗಳನ್ನು ಹೊರಹಾಕಿದಾಗ, 1835ರಲ್ಲಿ ಬಿಟ್ಟುಹೋಗಬೇಕಾಯಿತು. 1842ರಲ್ಲಿ, ಅಂದರೆ ಏಳೇ ವರ್ಷಗಳಲ್ಲಿ, ಒಳಮಾಡು ಕುಸಿಯಿತು. 1931ರಲ್ಲಿ ಗೋಪುರದ ಒಂದು ಭಾಗ ಬಿತ್ತು. ಇನ್ನೂರು ವರ್ಷ ನಿಂತ ಕಟ್ಟಡಕ್ಕೆ ಏಳು ಮಳೆಗಾಲದ ಅಲಕ್ಷ್ಯ ಸಾಕಾಯಿತು! ಅಲ್ಲಿಂದ ಕೂಗಳತೆಯ ದೂರದಲ್ಲಿರುವ ಬೋಂ ಜೆಸು ಮಹಾದೇವಾಲಯದ್ದು ಮತ್ತೊಂದು ಬಗೆಯ ಪೆಟ್ಟು. ಅದರ ಮುರಕಲ್ಲಿನ ಗೋಡೆಗಳ ಮೇಲಿದ್ದ ಸುಣ್ಣದ ಗಾರೆಯನ್ನು 1950ರ ದಶಕದಲ್ಲಿ, ಕಟ್ಟಡ ಇನ್ನಷ್ಟು ಪುರಾತನವಾಗಿ ಕಾಣಲೆಂದು ಕೆತ್ತಿ ತೆಗೆದರು. ಮುರಕಲ್ಲಿಗೆ ಗಾರೆಯೇ ಅಂಗಿ. ಅಂದಿನಿಂದ ಬತ್ತಲೆ ಕಲ್ಲು ಪ್ರತಿ ಮಳೆಗಾಲದಲ್ಲಿ ನೀರು ಕುಡಿದು ಸವೆಯುತ್ತಿದೆ.

ಈಗ ನಮ್ಮ ಧರ್ಮಕೇಂದ್ರಗಳ ವಿಷಯ. ಜನ ಹೆಚ್ಚಿದ್ದಾರೆ, ಹಬ್ಬದ ದಿನ ಅರ್ಧ ಮಂದಿ ಅಂಗಳದಲ್ಲಿ ನಿಲ್ಲುತ್ತಾರೆ, ಇದು ನಿಜ. ಹೊಸ ದೇವಾಲಯ ಬೇಕಾದಲ್ಲಿ ಕಟ್ಟಲೇಬೇಕು. ಆದರೆ ‘ಗೋಡೆ ಹಾಳಾಗಿದೆ, ಇನ್ನು ನಿಲ್ಲುವುದಿಲ್ಲ’ ಎಂಬ ಮಾತನ್ನು ನಂಬುವ ಮೊದಲು ಸ್ವಲ್ಪ ಪರೀಕ್ಷೆ ಮಾಡಿಸಬೇಕು. ಮುರಕಲ್ಲಿನ ಗೋಡೆಗೆ ಯಾವಾಗಲೋ ಸಿಮೆಂಟ್ ಬಳಿದಿದ್ದರೆ ಒಳಗಿನ ತೇವ ಹೊರಗೆ ಬರಲಾರದೆ ಕಲ್ಲು ಪುಡಿಯಾಗುತ್ತಿರಬಹುದು. ಅದನ್ನು ಕೆತ್ತಿ ಸುಣ್ಣದ ಗಾರೆ ಮಾಡಿಸಿದರೆ ಗೋಡೆ ಚೇತರಿಸಿಕೊಳ್ಳುತ್ತದೆ. ಕೆಡವುವುದೇ ಖಚಿತವಾದರೆ ಅದಕ್ಕೆ ಮೊದಲು ಅಳತೆ ತೆಗೆದು ನಕ್ಷೆ ಬರೆಸಿ, ಪೀಠ, ಗಂಟೆ, ಗೋಡೆಯ ಇಸವಿಕಲ್ಲು, ಸಮಾಧಿಕಲ್ಲುಗಳ ಚಿತ್ರ ತೆಗೆಸಿ, ಜ್ಞಾನಸ್ನಾನದ ದಾಖಲೆ ಪುಸ್ತಕಗಳ ಜೊತೆ ಕಪಾಟಿನಲ್ಲಿಡಬೇಕು. ಮುಂದಿನ ಪಾಲನಾ ಸಮಿತಿಯ ಸಭೆಗೆ ಈ ವಿಷಯ ಬಂದಾಗ, ಠರಾವು ಬರೆಯುವ ಮೊದಲು ಒಂದು ಏಣಿ ತರಿಸಿ, ಅನುಭವಸ್ಥ ಬಡಗಿಯೊಬ್ಬನನ್ನು ಮಾಡಿಗೆ ಹತ್ತಿಸಿ, ಹಂಚಿನ ಕೆಳಗಿನ ಪಕ್ಕಾಸು ರೀಪುಗಳ ಸ್ಥಿತಿ ಹೇಗಿದೆಯೆಂದು ಕೇಳಿ ತಿಳಿಯಬೇಕೆಂದು ನಮ್ಮ ಕೋರಿಕೆ.