ಮೂಸೆಯ ಉಕ್ಕು, ಪದರದ ಉಕ್ಕು

ಕೋಲಾರದ ಮಣ್ಣಿನಲ್ಲಿ ಚಿನ್ನವಿದೆಯೆಂದು ಲೆಫ್ಟಿನೆಂಟ್ ಜಾನ್ ವಾರನ್ ವರದಿ ಮಾಡಿದ್ದು 1802ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ ಬ್ರಿಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತುತ್ತ ಉಕ್ಕು ಮಾಡುವವರ ಕೆಲಸವನ್ನು ವಿವರವಾಗಿ ಬರೆದುಕೊಂಡಿದ್ದ. ಚಿನ್ನಕ್ಕೆ ಬಂಡವಾಳ ಬಂತು. ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕಿಳಿದು, 2001ರಲ್ಲಿ ಮುಚ್ಚಿತು. ಬುಕಾನನ್ ಕಂಡ ಕುಲುಮೆಗಳು ಅದಕ್ಕೆ ಎಷ್ಟೋ ಮೊದಲೇ ಆರಿದ್ದವು. ಆದರೂ ಅಲಗಿನ ಮೇಲೆ ಅಲೆಅಲೆಯಾಗಿ ಗೆರೆ ಮೂಡುವ ಇಂದಿನ ‘ಡಮಾಸ್ಕಸ್’ ಚಾಕುಗಳ ಹೆಸರಿನ ವಂಶಾವಳಿ ಕೆದಕಿದರೆ ಬಂದು ನಿಲ್ಲುವುದು ಅಂಥ ಕುಲುಮೆಗಳ ಮುಂದೆಯೇ.

ಅಲ್ಲಿನ ವಿಧಾನ ಇಷ್ಟು: ಮಣ್ಣಿನ ಮೂಸೆಯೊಳಗೆ ಮೆದುಗಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ. ಬಾಯಿಗೆ ಮಣ್ಣು ಮೆತ್ತಿ, ಇದ್ದಿಲ ಕೆಂಡದಲ್ಲಿಟ್ಟು ತಾಸುಗಟ್ಟಲೆ ತಿದಿ ಒತ್ತುವುದು. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರುತ್ತದೆ. ಸೇರಿದಷ್ಟೂ ಅದು ಕಡಿಮೆ ಶಾಖಕ್ಕೆ ಕರಗುತ್ತದೆ. ತಣಿದ ಮೇಲೆ ಮೂಸೆ ಒಡೆದರೆ ಶೇಕಡ 1.5ರ ಆಸುಪಾಸು ಇಂಗಾಲವಿರುವ ಗಟ್ಟಿ ಸಿಗುತ್ತದೆ. ಚನ್ನಪಟ್ಟಣದಲ್ಲಿ ಉಕ್ಕಿನಿಂದ ವಾದ್ಯದ ತಂತಿ ಎಳೆಯುತ್ತಿದ್ದರು. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯ ಮೂಸೆ ಚೂರುಗಳನ್ನು ನಮ್ಮ ಭೂವಿಜ್ಞಾನಿ ಟಿ.ಆರ್. ಅನಂತರಾಮು, ಪಾಲ್ ಕ್ರಾಡಕ್ ಮೊದಲಾದವರು ಪರೀಕ್ಷಿಸಿ 1999ರಲ್ಲಿ ಪ್ರಬಂಧ ಬರೆದರು.

ಹೊರಗಿನವರಿಗೆ ಈ ಉಕ್ಕು ಬಹಳ ಕಾಲ ದಕ್ಕಲಿಲ್ಲ. ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಇದರ ಮೇಲೆ ಪ್ರಬಂಧ ಒಪ್ಪಿಸಿದ. ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್ ಜತೆ ಸೇರಿ ಮೈಕೆಲ್ ಫ್ಯಾರಡೆ ಇದನ್ನು ಅನುಕರಿಸಲು ಹೊರಟ. ತೊಡಕಿದ್ದದ್ದು ಕಾಯಿಸುವುದರಲ್ಲೇ. ಸಾಮಾನ್ಯ ಉಕ್ಕಿನಂತೆ ಬೆಳ್ಳಗೆ ಕಾಯಿಸಿ ಬಡಿದರೆ ಇದು ಪುಡಿಯಾಗುತ್ತದೆ. ಕೆಂಪಿನ ಹದದಲ್ಲೇ ಸಾವಧಾನವಾಗಿ ಬಡಿಯಬೇಕು. ಅದಿರಿನಲ್ಲಿ ಕಿಂಚಿತ್ ವೆನೇಡಿಯಂ ಇದ್ದರೇ ಗೆರೆ ಸಾಲುಗಟ್ಟುತ್ತದೆಂದು ಲೋಹವಿಜ್ಞಾನಿ ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ತೋರಿಸಿದ್ದು 1990ರ ದಶಕದಲ್ಲಿ. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ 2004ರಲ್ಲಿ ಇಡೀ ಕಥೆಯನ್ನು ಪುಸ್ತಕವಾಗಿ ತಂದರು.

ಅಂಗಡಿಯ ಡಮಾಸ್ಕಸ್ಸಿನ ದಾರಿಯೇ ಬೇರೆ. ಅಮೆರಿಕದ ಚಾಕು ತಯಾರಕ ಬಿಲ್ ಮೊರಾನ್ 1973ರಲ್ಲಿ ಪ್ರದರ್ಶನಕ್ಕಿಟ್ಟ ಚಾಕುಗಳಲ್ಲಿದ್ದದ್ದು ಎರಡು ಬಗೆಯ ಲೋಹ ಪೇರಿಸಿ, ಬೆಸೆದು, ಮಡಿಸಿ ಬಡಿದ ಪದರದ ಉಕ್ಕು. ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿದಾಗ ಒಂದು ಪದರ ಕಪ್ಪಾಗುತ್ತದೆ. ನಿಕ್ಕಲ್ ಇರುವುದು ಹೊಳೆಯುತ್ತ ಉಳಿಯುತ್ತದೆ. ಕೈಚಳಕ ದೊಡ್ಡದು, ಒಪ್ಪೋಣ. ಆದರೆ ಇಲ್ಲಿ ಗೆರೆ ಬೇಕೆಂದು ಬರೆದದ್ದು, ಮೂಸೆಯ ಉಕ್ಕಿನಲ್ಲಿ ತಾನಾಗಿ ಬಂದದ್ದು. ಎರಡನ್ನೂ ಒಂದೇ ಹೆಸರಲ್ಲಿ ಮಾರುವುದು ನನಗೆ ಸರಿಕಾಣದು.

ಹಿಡಿಯದು ಇನ್ನೊಂದು ಕಥೆ. ವಿದೇಶಿ ಕಸುಬುದಾರರು ಸೈಬೀರಿಯ, ಅಲಾಸ್ಕಗಳ ಹಿಮನೆಲದಿಂದ ತೆಗೆದ ಮ್ಯಾಮತ್ ದಂತ, ಹಲ್ಲುಗಳನ್ನು ಕೂರಿಸುತ್ತಾರೆ. ಬಿರಿಯುವ ಹಲ್ಲಿಗೆ ಮೊದಲು ರಾಳ ಕುಡಿಸುತ್ತಾರೆ. ನಮ್ಮಲ್ಲಿ ಕೊಡಗಿನ ಪೀಚೆಕತ್ತಿಯ ಹಿಡಿಗೆ ಬೆಳ್ಳಿಯ ಜತೆ ದಂತವನ್ನೂ ಬಳಸುತ್ತಿದ್ದರು. ಈಗ ಆನೆ ದಂತ, ಜಿಂಕೆ ಕೊಂಬು ಮಾರುವುದು ಅಪರಾಧ.

ಅಗ್ಗದ ‘ಡಮಾಸ್ಕಸ್’ಗಳಲ್ಲಿ ಎಷ್ಟೋ ಬರೀ ಮೇಲ್ಮೈ ಅಚ್ಚು. ಅಲಗಿನ ಮೂಲೆಯೊಂದನ್ನು ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಫೆರಿಕ್ ಕ್ಲೋರೈಡ್ ಸವರಿದರೆ ಪದರದ್ದಾಗಲಿ ಮೂಸೆಯದ್ದಾಗಲಿ ಗೆರೆ ಮರಳುತ್ತದೆ, ಅಚ್ಚಿನದು ಮರಳುವುದಿಲ್ಲ.