ಎರಡು ತಲೆಯ ಹಕ್ಕಿ ಬೀದರಿಗೆ ಹೊಸದೇ?

ಭಾಲ್ಕಿಯ ತಹಸೀಲ್ದಾರ್ ಕಚೇರಿಯಿಂದ ಬರುವ ಪ್ರಮಾಣಪತ್ರವಿರಲಿ, ಔರಾದಿನ ರೈತನ ಕೈಸೇರುವ ಸರ್ಕಾರಿ ನೋಟಿಸಿರಲಿ, ಕಾಗದದ ನೆತ್ತಿಯ ಮೇಲೆ ಎರಡು ತಲೆಯ ಹಕ್ಕಿಯೊಂದು ರೆಕ್ಕೆ ಬಿಚ್ಚಿ ನಿಂತಿರುತ್ತದೆ. ಅದೇ ಗಂಡಭೇರುಂಡ, ಕರ್ನಾಟಕ ಸರ್ಕಾರದ ಲಾಂಛನ. ಮೈಸೂರು ಒಡೆಯರ ರಾಜಲಾಂಛನವಾಗಿದ್ದ ಈ ಹಕ್ಕಿ ಸರ್ಕಾರಿ ಮುದ್ರೆಯಾಗಿ ಬೀದರ್ ಜಿಲ್ಲೆಗೆ ಬಂದದ್ದು 1956ರ ನವೆಂಬರ್ 1ರಂದು. ಅದಕ್ಕೆ ಮೊದಲು ಈ ನೆಲ ಮೈಸೂರು ಅರಸರ ಆಳ್ವಿಕೆಯನ್ನು ಒಂದು ದಿನವೂ ಕಂಡಿರಲಿಲ್ಲ. ದೂರದ ಮೈಸೂರಿನ ಹಕ್ಕಿ ನಮಗೇಕೆ ಎಂದು ಇಲ್ಲಿನ ಯಾರಾದರೂ ಕೇಳಿದರೆ ತಪ್ಪೆನ್ನಲಾಗದು. ಆದರೆ ಚರಿತ್ರೆ ಕೊಡುವ ಉತ್ತರ ಬೇರೆಯೇ ಇದೆ.

ಬೀದರಿಗೆ ತನ್ನದೇ ಆದ ರಾಜಚಿಹ್ನೆಯೂ ಇತ್ತು. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಕೋಟೆಯೊಳಗಿನ ತಖ್ತ್ ಮಹಲಿನ ಕಮಾನುಗಳ ಮೂಲೆಯಲ್ಲಿ, ಬಣ್ಣದ ಮೆರುಗು ಹೆಂಚಿನಲ್ಲಿ, ಹುಲಿ ಮತ್ತು ಅದರ ಬೆನ್ನ ಹಿಂದೆ ಮೂಡುವ ಸೂರ್ಯನ ಚಿತ್ರವಿದೆ. ಸಿಂಹ-ಸೂರ್ಯರ ಈ ಜೋಡಿ ಪರ್ಷಿಯಾದ ಕಡೆಯಿಂದ ಬಂದದ್ದು. ಕೋಟೆಯ ಶರ್ಜಾ ದರವಾಜೆಯ ಮೇಲೂ ಎರಡು ಹುಲಿಗಳನ್ನು ಕೆತ್ತಲಾಗಿದೆ. ಅಲ್ಲಿನ ಶಾಸನದ ಕಾಲ 1503.

ಮುಂದೆ ನಿಜಾಮರ ಹಳದಿ ಬಾವುಟ ಹಾರಿತು. ಅದರ ನಡುವಿನ ದುಂಡು ಗುರುತು ಕುಲ್ಚಾ ರೊಟ್ಟಿಯದು. ಸೂಫಿ ಸಂತರೊಬ್ಬರು ಕೊಟ್ಟ ಏಳು ಕುಲ್ಚಾ ತಿಂದದ್ದರಿಂದ ಆ ವಂಶಕ್ಕೆ ಏಳು ತಲೆಮಾರಿನ ರಾಜ್ಯ ಒಲಿಯಿತೆಂಬ ಐತಿಹ್ಯ ಪ್ರಸಿದ್ಧ. ಆ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಹೆಸರು ಇಲ್ಲಿ ಮನೆಮಾತು. ಬೋರ್ಡಿನ ಮೇಲೆ ಏನಿರಬೇಕು ಎಂಬುದು ಈ ಜಿಲ್ಲೆಯಲ್ಲಿ ಎಂದೂ ಸಣ್ಣ ಸಂಗತಿಯಾಗಿರಲಿಲ್ಲ!

1956ರಲ್ಲಿ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಕ್ಕೆ ಸೇರಿದವು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಭಾಗಗಳು ಗಂಡಭೇರುಂಡದ ನೆರಳಿಗೆ ಬಂದವು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾದರೂ ಹಕ್ಕಿ ಬದಲಾಗಲಿಲ್ಲ.

ಲಾಂಛನದ ನಡುವೆ ಕೆಂಪು ಗುರಾಣಿ, ಅದರೊಳಗೆ ಬಿಳಿಯ ಗಂಡಭೇರುಂಡ. ಎಡಬಲಕ್ಕೆ ಆನೆಯ ಮುಖ, ಸಿಂಹದ ಮೈಯುಳ್ಳ ಎರಡು ಪ್ರಾಣಿಗಳು. ಮೇಲೆ ಅಶೋಕನ ಸಿಂಹಗಳು, ಕೆಳಗೆ 'ಸತ್ಯಮೇವ ಜಯತೇ'. ಹಿರಣ್ಯಕಶಿಪುವನ್ನು ಕೊಂದರೂ ಕೋಪ ತಣಿಯದ ನರಸಿಂಹನನ್ನು ಅಡಗಿಸಲು ಶಿವ ಶರಭನಾದನೆಂದೂ, ಆ ಶರಭನಿಗೆ ಎದುರಾಗಿ ವಿಷ್ಣು ಗಂಡಭೇರುಂಡನಾದನೆಂದೂ ಕಥೆಯಿದೆ. ಝರಣಿ ನರಸಿಂಹನ ಗುಹೆಯ ನೀರಿನಲ್ಲಿ ನಡೆದು ದರ್ಶನ ಪಡೆದ ಬೀದರಿನವರಿಗೆ ಇದು ಪರಕೀಯ ಕಥೆಯೇನಲ್ಲ.

ಇನ್ನು ಹಕ್ಕಿ ಎಲ್ಲಿಯದು ಎಂಬ ಪ್ರಶ್ನೆ. ಎರಡು ತಲೆಯ ಹಕ್ಕಿ ತಕ್ಷಶಿಲೆಯ ಅವಶೇಷಗಳಲ್ಲಿದೆ, ರಷ್ಯಾದ ಲಾಂಛನದಲ್ಲಿಯೂ ಇದೆ. ಕನ್ನಡ ನಾಡಿನ ಹಳೆಯ ಕುರುಹು ಸಿಗುವುದು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ. ಅಲ್ಲಿನ ಸುಮಾರು ಮೂವತ್ತು ಅಡಿ ಎತ್ತರದ ಭೇರುಂಡೇಶ್ವರ ಕಂಬವನ್ನು 1047ರಲ್ಲಿ ನಿಲ್ಲಿಸಿದವನು ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯರಸ. ಕಂಬಕ್ಕೆಂದು ಕಡೆದ ಮೂರ್ತಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಈ ಚಾವುಂಡರಾಯ ಯಾರ ಮಾಂಡಲಿಕ? ಚಾಲುಕ್ಯ ಒಂದನೆಯ ಸೋಮೇಶ್ವರನ ಮಾಂಡಲಿಕ. ಸೋಮೇಶ್ವರ ರಾಜಧಾನಿಯಾಗಿ ಬೆಳೆಸಿದ ಊರು ಕಲ್ಯಾಣ, ಅಂದರೆ ಇದೇ ಬೀದರ್ ಜಿಲ್ಲೆಯ ಬಸವಕಲ್ಯಾಣ. ಒಡೆಯರ ರಾಜ್ಯ ಹುಟ್ಟುವ ಮುನ್ನೂರೈವತ್ತು ವರ್ಷಗಳಷ್ಟು ಹಿಂದೆಯೇ ಕಲ್ಯಾಣಕ್ಕೆ ತಲೆಬಾಗಿದ ನಾಡಿನಲ್ಲಿ ಭೇರುಂಡ ನಿಂತಿತ್ತು.

ಆಮೇಲೆ ವಿಜಯನಗರದ ಅಚ್ಯುತದೇವರಾಯನ ಚಿನ್ನದ ನಾಣ್ಯಗಳಲ್ಲಿ ಅದು ಆನೆಗಳನ್ನು ಕೊಕ್ಕು, ಕಾಲುಗಳಲ್ಲಿ ಹಿಡಿದು ಹಾರಿತು. ಮೈಸೂರಿಗೆ ದೊರೆತದ್ದು ಈ ಪರಂಪರೆಯೇ. ಸುಲ್ತಾನರ ಪಾಳೆಯವೂ ಅದನ್ನು ದೂರವಿಡಲಿಲ್ಲ. ಬೀದರಿನ ಬಹಮನಿಗಳ ಸರದಾರನಾಗಿದ್ದು, ಬೀರಾರದಲ್ಲಿ ಸ್ವತಂತ್ರನಾದ ಫತೇಉಲ್ಲಾ ಇಮಾದ್-ಉಲ್-ಮುಲ್ಕ್ ಹುಟ್ಟಿನಿಂದ ವಿಜಯನಗರದ ಹಿಂದೂ ಎಂದು ಚರಿತ್ರಕಾರ ಫೆರಿಷ್ತಾ ಬರೆದಿದ್ದಾನೆ. ಆತನ ವಂಶದವರ ಗಾವಿಲಗಡ ಕೋಟೆಯ ದಿಲ್ಲಿ ದರವಾಜೆಯ ಮೇಲೆ ಆನೆಗಳನ್ನು ಹಿಡಿದ ಗಂಡಭೇರುಂಡವನ್ನು ಇಂದಿಗೂ ನೋಡಬಹುದು.