ಸರ್ಪಗಂಧಿಯೂ ವಿಷಾದಚಿಕಿತ್ಸೆಯೂ

ಕುಗ್ಗಿದ ಮನಸ್ಸಿಗೆ ಗಿಡಮೂಲಿಕೆಗಳಲ್ಲಿ ಪರಿಹಾರವನ್ನು ಹುಡುಕುವುದು ಭರತಖಂಡದಲ್ಲಿ ಬಹು ಪ್ರಾಚೀನವಾದ ಪದ್ಧತಿ. ಆದರೆ ‘ಮನೋರೋಗಕ್ಕೆ ಮದ್ದು’ ಎಂಬ ಒಂದು ಮಾತಿನೊಳಗೆ ಎರಡು ಬೇರೆ ಬೇರೆ ಅವಸ್ಥೆಗಳು ಅಡಗಿವೆ. ಒಂದು ಉನ್ಮಾದ, ಅಂದರೆ ಮನಸ್ಸು ನೆಲೆತಪ್ಪುವುದು; ಇನ್ನೊಂದು ವಿಷಾದ, ಅಂದರೆ ಮನಸ್ಸು ಕುಸಿದು ಕಾರ್ಯಕ್ಕೆ ಒದಗದೆ ಹೋಗುವುದು. ಈ ಭೇದವನ್ನು ಮರೆತಲ್ಲಿ ಎಂತಹ ತೊಡಕುಗಳು ಹುಟ್ಟುವುವೆಂಬುದಕ್ಕೆ ಸರ್ಪಗಂಧಿಯೆಂಬ ಬೇರಿನ ಚರಿತ್ರೆಯು ಒಂದು ನಿದರ್ಶನವಾಗಿದೆ.

ಚರಕಸಂಹಿತೆಯಲ್ಲಿ ಈ ಭೇದವು ಸ್ಪಷ್ಟವಾಗಿದೆ. ಅದರ ನಿದಾನಸ್ಥಾನವು ಮನಸ್ಸು, ಬುದ್ಧಿ, ಸ್ಮೃತಿ, ಶೀಲ, ಆಚಾರ ಮೊದಲಾದ ಎಂಟರ ವಿಭ್ರಮವನ್ನು ಉನ್ಮಾದವೆಂದು ಕರೆದು, ಅದನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ವಿಷಾದವಾದರೋ ಸೂತ್ರಸ್ಥಾನದಲ್ಲಿ ಎಂಬತ್ತು ವಾತವಿಕಾರಗಳ ನಡುವೆ ಎಣಿಸಲ್ಪಟ್ಟಿದೆ. ಅದೇ ಸ್ಥಾನದ ಮತ್ತೊಂದು ಕಡೆ, ರೋಗವನ್ನು ಬೆಳೆಸುವ ಕಾರಣಗಳಲ್ಲಿ ಅದಕ್ಕೆ ಅಗ್ರಸ್ಥಾನವನ್ನು ಕೊಟ್ಟಿದೆ. ಕಫಜೋನ್ಮಾದದ ಲಕ್ಷಣಗಳಲ್ಲಿ ಮೌನ, ಏಕಾಂತಪ್ರಿಯತೆ, ಒಂದೆಡೆಯಲ್ಲೇ ಕುಳಿತಿರುವುದು ಇವೂ ಬರುತ್ತವೆಯಲ್ಲವೆ ಎಂದು ಆಕ್ಷೇಪಿಸಬಹುದು. ನಿಜ, ಆದರೆ ಇದರಿಂದ ಉನ್ಮಾದದೊಳಗೂ ಉದ್ರೇಕವನ್ನೂ ಜಾಡ್ಯವನ್ನೂ ಶಾಸ್ತ್ರಕಾರರು ಬೇರೆಯಾಗಿಯೇ ನೋಡಿದರೆಂದು ವಿದಿತವಾಗುತ್ತದೆ.

ಚಿಕಿತ್ಸೆಯಲ್ಲಿಯೂ ಈ ವಿವೇಕವು ಕಾಣಬರುತ್ತದೆ. ಉನ್ಮಾದಕ್ಕೆ ಶೋಧನಕ್ರಮಗಳನ್ನೂ ಕಲ್ಯಾಣಕಾದಿ ಘೃತಗಳನ್ನೂ ವಿಧಿಸಿದ ಗ್ರಂಥವೇ, ಇಷ್ಟವಾದುದನ್ನು ಕಳೆದುಕೊಂಡು ಮನಸ್ಸು ಕೆಟ್ಟವನಿಗೆ ಅದಕ್ಕೆ ಸದೃಶವಾದುದನ್ನು ದೊರಕಿಸಿ ಸಾಂತ್ವನದಿಂದ ಸಮಾಧಾನಗೊಳಿಸಬೇಕೆಂದು ಹೇಳುತ್ತದೆ. ಮನಸ್ಸಿನ ದೋಷಗಳಿಗೆ ಜ್ಞಾನ, ಧೈರ್ಯ, ಸ್ಮೃತಿ, ಸಮಾಧಿಗಳೇ ಉಪಶಮನವೆಂಬುದೂ, ಅಹಿತವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವ ‘ಸತ್ತ್ವಾವಜಯ’ವು ಮೂರು ವಿಧದ ಚಿಕಿತ್ಸೆಗಳಲ್ಲಿ ಒಂದೆಂಬುದೂ ಅದರ ಸಿದ್ಧಾಂತ. ಮೇಧ್ಯರಸಾಯನಗಳಾಗಿ ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿ ಎಂಬ ನಾಲ್ಕನ್ನು ಹೇಳಿದೆ. ಇಲ್ಲಿ ಹೆಸರಿನ ತೊಡಕೂ ಉಂಟು. ಕನ್ನಡನಾಡಿನಲ್ಲಿ ಬ್ರಾಹ್ಮಿಯೆಂದರೆ ಅನೇಕರು ಒಂದೆಲಗವನ್ನು ತೋರಿಸುವರು, ಅದು ಮಂಡೂಕಪರ್ಣಿ. ಬೇರೆ ಪ್ರಾಂತಗಳಲ್ಲಿ ಬ್ರಾಹ್ಮಿಯೆಂದರೆ ನೀರುಬ್ರಾಹ್ಮಿ. ಎರಡೂ ತೇವದ ನೆಲದಲ್ಲಿ ಹಬ್ಬುವ ಗಿಡಗಳಾದರೂ ಕುಲ ಬೇರೆ, ಗುಣ ಬೇರೆ. ಹೆಸರೊಂದೇ ಆದ ಮಾತ್ರಕ್ಕೆ ವಸ್ತುವೂ ಒಂದೆಂದು ತಿಳಿಯಬಾರದು.

ಸರ್ಪಗಂಧಿಯ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಕಣಗಿಲೆಯ ಕುಲಕ್ಕೆ ಸೇರಿದ ಈ ಕುರುಚಲು ಗಿಡವು ಹಿಮಾಲಯದ ತಪ್ಪಲಿನಲ್ಲಿಯೂ ಪಶ್ಚಿಮಘಟ್ಟಗಳಲ್ಲಿಯೂ ಬೆಳೆಯುತ್ತದೆ. ಪ್ರಾಚೀನ ಸಂಹಿತೆಗಳಲ್ಲಿ ಈ ಹೆಸರು ವಿಷಚಿಕಿತ್ಸೆಯ ಸಂದರ್ಭದಲ್ಲಿ ಬರುವುದೇ ಹೊರತು, ಚರಕೋಕ್ತವಾದ ಕಲ್ಯಾಣಕಘೃತದ ದ್ರವ್ಯಗಳಲ್ಲಿ ಇಲ್ಲ. ಮಹಾಪೈಶಾಚಿಕಘೃತದಲ್ಲಿ ‘ನಾಕುಲೀದ್ವಯ’ವೆಂದಿದೆ, ನಾಕುಲಿಯೂ ಸರ್ಪಗಂಧಿಯೂ ಒಂದೇ ಎಂಬವರುಂಟು. ಏನೇ ಇರಲಿ, ಬಿಹಾರ ಪ್ರಾಂತದ ಜನರು ಈ ಬೇರನ್ನು ‘ಹುಚ್ಚಿನ ಮದ್ದು’ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಿದ್ದರು. ಉದ್ರೇಕಗೊಂಡವರನ್ನು ನಿದ್ರೆಗೊಳಿಸಲು ಅದನ್ನು ಕೊಡುತ್ತಿದ್ದುದು ಗ್ರಂಥಗಳಿಗಿಂತ ಹೆಚ್ಚಾಗಿ ಜನರ ಅನುಭವದಿಂದ ಬಂದ ರೂಢಿ.

ಈ ರೂಢಿಯು ೧೯೩೧ರಲ್ಲಿ ಪರೀಕ್ಷೆಗೆ ಬಂದಿತು. ಆ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರೂ ಅವರ ಸಹಕಾರಿಗಳೂ ಬೇರಿನಿಂದ ಕ್ಷಾರಸತ್ತ್ವಗಳನ್ನು ಬೇರ್ಪಡಿಸಿ, ಅವುಗಳಲ್ಲೊಂದಕ್ಕೆ ಹಕೀಂ ಅಜ್ಮಲ್ ಖಾನರ ಸ್ಮರಣಾರ್ಥವಾಗಿ ‘ಅಜ್ಮಲೀನ್’ ಎಂದು ಹೆಸರಿಟ್ಟರು. ಅದೇ ವರ್ಷ ಕಲ್ಕತ್ತೆಯ ಕವಿರಾಜ ಗಣನಾಥಸೇನರೂ ಕಾರ್ತಿಕಚಂದ್ರ ಬೋಸರೂ, ಬೇರಿನ ಚೂರ್ಣವು ಉದ್ರಿಕ್ತೋನ್ಮಾದವನ್ನೂ ರಕ್ತದ ಒತ್ತಡವನ್ನೂ ಇಳಿಸುವುದೆಂದು ಪ್ರಕಟಿಸಿದರು. ೧೯೪೯ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು ರಕ್ತದ ಒತ್ತಡದ ೫೦ ರೋಗಿಗಳಲ್ಲಿ ಕಂಡ ಫಲವನ್ನು ಇಂಗ್ಲೆಂಡಿನ ಹೃದ್ರೋಗಪತ್ರಿಕೆಯೊಂದರಲ್ಲಿ ಬರೆದ ಬಳಿಕ ಪಾಶ್ಚಾತ್ಯರ ದೃಷ್ಟಿ ಇತ್ತ ಹೊರಳಿತು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ‘ರಿಸರ್ಪೀನ್’ ಎಂಬ ಸತ್ತ್ವವು ಬೇರ್ಪಟ್ಟಿತು. ೧೯೫೪ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನರು ಮಾನಸಿಕ ಚಿಕಿತ್ಸಾಲಯದ ರೋಗಿಗಳಲ್ಲಿ ಅದರ ಶಾಮಕಗುಣವನ್ನು ವರ್ಣಿಸಿದರು.

ಭೇದವನ್ನು ಮರೆತ ಫಲವು ಇಲ್ಲಿಂದ ಮುಂದೆ ಕಾಣುತ್ತದೆ. ರಕ್ತದ ಒತ್ತಡಕ್ಕಾಗಿ ರಿಸರ್ಪೀನನ್ನು ಸೇವಿಸಿದ ಕೆಲವರಲ್ಲಿ, ಹಿಂದೆ ಇಲ್ಲದಿದ್ದ ಗಾಢವಿಷಾದವು ತಲೆದೋರಿತೆಂದು ೧೯೫೦ರ ದಶಕದಲ್ಲಿಯೇ ವೈದ್ಯರು ಬರೆದರು. ಅದು ಮೆದುಳಿನ ಸೆರೊಟೋನಿನ್, ನಾರ್ ಅಡ್ರಿನಲಿನ್, ಡೋಪಮೀನ್ ಎಂಬ ದ್ರವ್ಯಗಳ ಸಂಗ್ರಹವನ್ನು ಬರಿದು ಮಾಡುವುದೆಂದು ಪ್ರಯೋಗಗಳಿಂದ ತಿಳಿದುಬಂದಿತು. ಈ ದ್ರವ್ಯಗಳ ಕೊರತೆಯೇ ವಿಷಾದಕ್ಕೆ ಮೂಲವೆಂಬ ವಾದಕ್ಕೆ ಈ ಬೇರೇ ಒಂದು ಆಧಾರವಾಯಿತು. ಆದರೂ ಈ ವಾದವು ನಿರ್ವಿವಾದವಲ್ಲ. ೧೯೫೫ರಲ್ಲಿ ಲಂಡನ್ನಿನ ಡೇವೀಸ್ ಮತ್ತು ಶೆಪರ್ಡ್ ಎಂಬವರು, ಆತಂಕವೂ ವಿಷಾದವೂ ಕೂಡಿದ್ದ ರೋಗಿಗಳಿಗೆ ರಿಸರ್ಪೀನ್ ಹಿತವಾಯಿತೆಂದೇ ಬರೆದಿದ್ದಾರೆ. ಅದು ವಿಷಾದವನ್ನು ಹುಟ್ಟಿಸುವುದೆಂಬ ಮಾತನ್ನು ಮುಂದಿನ ವಿಮರ್ಶಕರೂ ಶಂಕಿಸಿದ್ದಾರೆ. ಒಂದೇ ಬೇರು ಒಬ್ಬನ ತಳಮಳವನ್ನು ಅಡಗಿಸಿ ಇನ್ನೊಬ್ಬನನ್ನು ಕುಗ್ಗಿಸಬಹುದೆಂದರೆ ಈ ಎರಡು ಪಕ್ಷಗಳಿಗೂ ಎಡೆ ದೊರೆಯುತ್ತದೆ.

ಉದ್ರೇಕವನ್ನು ಶಮನಗೊಳಿಸುವುದು ಬೇರೆ, ಕುಸಿದುದನ್ನು ಎತ್ತುವುದು ಬೇರೆ. ಬಿಹಾರದ ಜನರು ಸರ್ಪಗಂಧಿಯನ್ನು ಕೊಟ್ಟುದು ಮೊದಲನೆಯ ಕಾರ್ಯಕ್ಕೆ. ಅದಕ್ಕೆ ಎರಡನೆಯದನ್ನು ಆರೋಪಿಸಿದುದು ‘ಮನಸ್ಸಿನ ಮದ್ದು’ ಎಂಬ ಸಡಿಲವಾದ ಮಾತು. ಕಾಡಿನಿಂದ ಮಿತಿಮೀರಿ ಕಿತ್ತುದರಿಂದ ಈ ಗಿಡವು ವಿರಳವಾಗಿ, ೧೯೯೦ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವು ನಿಯಮಕ್ಕೆ ಒಳಪಟ್ಟಿದೆ. ಇಂದಿಗೂ ಮೂಲಿಕೆಯಾದುದರಿಂದ ನಿರಪಾಯವೆಂದು ಬಗೆದು, ರಕ್ತದ ಒತ್ತಡವನ್ನು ಬಲವಾಗಿ ಇಳಿಸುವ ಈ ಬೇರನ್ನು ಕುಗ್ಗಿದ ಮನಸ್ಸಿಗೆಂದು ತಾವಾಗಿಯೇ ಸೇವಿಸುವವರು ಮೇಲ್ಕಂಡ ಚರಿತ್ರೆಯನ್ನು ತಿಳಿದಿರಬೇಕು. ದ್ರವ್ಯವನ್ನು ಹುಡುಕುವುದಕ್ಕೆ ಮುಂಚೆ ರೋಗವನ್ನು ನಿಶ್ಚಯಿಸಬೇಕೆಂಬುದು ವೈದ್ಯಶಾಸ್ತ್ರದ ಮೊದಲ ಪಾಠ. ವಿಷಾದವನ್ನು ಉನ್ಮಾದದ ಹೆಸರಿನಿಂದ ಕರೆದವನು ಆ ಪಾಠವನ್ನು ಮರೆತವನೇ ಸರಿ.